ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ ಹುಳುಕು ನೋಡಿ



ಸಂಘದಲ್ಲಿ ಸಾಲ ಕೇಳುವ ಕಾರಣಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಿವೆ. ಹಸು, ಕುರಿ, ಹೊಲಿಗೆ ಯಂತ್ರ, ಶಾಲೆ ಫೀಸು ಇವುಗಳ ಜೊತೆಗೆ ಈಗ ‘ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು’ ಎಂಬ ಮಾತೂ ಸೇರಿಕೊಂಡಿದೆ. ಇದು ತಪ್ಪಲ್ಲ. ಸೊಟ್ಟ ಹಲ್ಲು ಬರೀ ಅಂದದ ವಿಷಯವಲ್ಲ. ಒಂದರ ಮೇಲೊಂದು ಏರಿದ ಹಲ್ಲನ್ನು ಶುಚಿ ಮಾಡೋದು ಕಷ್ಟ. ಮುಂದಕ್ಕೆ ಚಾಚಿದ ಹಲ್ಲು ಬಿದ್ದಾಗ ಬೇಗ ಮುರಿಯುತ್ತೆ. ಆದರೆ ಸಾಲ ಮಾಡಿ ಹಾಕಿಸಿದ ಕ್ಲಿಪ್ ಬಿಚ್ಚಿದಾಗ ಹಲ್ಲು ನೇರವಾಗಿದ್ದು, ಮೇಲೆಲ್ಲ ಬಿಳಿ ಮಚ್ಚೆ, ಹುಳುಕು ಇದ್ದರೆ ಏನು ಬಂತು? ಇದನ್ನು ಬಹುಮಟ್ಟಿಗೆ ತಡೆಯುವುದು ನಮ್ಮ ಕೈಯಲ್ಲೇ ಇದೆ.

ಹುಳುಕು ಹೇಗೆ ಬರುತ್ತೆ?

‘ಹಲ್ಲನ್ನು ಹುಳ ತಿಂದಿದೆ’ ಅಂತೀವಿ. ನಿಜವಾಗಿ ಅಲ್ಲಿ ಹುಳ ಇರೋದಿಲ್ಲ. ಬಾಯಲ್ಲಿರುವ ಕಣ್ಣಿಗೆ ಕಾಣದ ರೋಗಾಣುಗಳು ಸಿಹಿ ಮತ್ತು ಹಿಟ್ಟಿನ ಪದಾರ್ಥವನ್ನು ತಿಂದು ಆಮ್ಲ ಮಾಡುತ್ತವೆ. ಈ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತೆ. ಕ್ಲಿಪ್ ತಾನಾಗಿ ಹಲ್ಲನ್ನು ಹಾಳು ಮಾಡುವುದಿಲ್ಲ. ಅದರ ಬಿಲ್ಲೆ, ತಂತಿಗಳ ಸಂದಿಯಲ್ಲಿ ಅನ್ನದ ಅಗುಳು ಕೂತು ಕೊಳೆತರೆ ತೊಂದರೆ. ಸರಿಯಾಗಿ ಉಜ್ಜದಿದ್ದರೆ ಬಿಲ್ಲೆಯ ಸುತ್ತ ಸುಣ್ಣದಂಥ ಬಿಳಿ ಮಚ್ಚೆ ಒಂದೇ ತಿಂಗಳಲ್ಲಿ ಕಾಣಿಸಿಕೊಳ್ಳಬಹುದು. ಅದೇ ಹುಳುಕಿನ ಮೊದಲ ಗುರುತು. ಆಗ ನೋವಿರೋದಿಲ್ಲ, ಅದಕ್ಕೇ ಅಸಡ್ಡೆ ಆಗುತ್ತೆ.

ಹಾಲುಹಲ್ಲಿನಿಂದಲೇ ಶುರು

‘ಹಾಲುಹಲ್ಲು ಹೇಗೂ ಬಿದ್ದುಹೋಗುತ್ತೆ ಬಿಡಿ’ ಅನ್ನಬೇಡಿ. ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಜಾಗ ಕಾಯ್ದಿಟ್ಟಿರುತ್ತೆ. ಹುಳುಕಾಗಿ ಅದನ್ನು ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟ ಬರುತ್ತೆ. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಹುಟ್ಟುವ ದವಡೆ ಹಲ್ಲು ಶಾಶ್ವತವಾದದ್ದು. ಅದನ್ನು ಹಾಲುಹಲ್ಲು ಅಂದುಕೊಂಡು ಕಳೆದುಕೊಳ್ಳುವವರು ಬಹಳ.

ಕ್ಲಿಪ್‌ಗೆ ಮುಂಚೆ

1. ದಂತವೈದ್ಯರಲ್ಲಿ ಎಲ್ಲಾ ಹಲ್ಲು ಪರೀಕ್ಷೆ ಮಾಡಿಸಿ. ಹುಳುಕಿದ್ದರೆ ಮೊದಲು ತುಂಬಿಸಿ. ಹಲ್ಲಿನ ಪಾಚಿ ತೆಗೆಸಿ, ವಸಡಿನಲ್ಲಿ ರಕ್ತ ಬರುತ್ತಿದ್ದರೆ ವಾಸಿ ಮಾಡಿಸಿ.

2. ಮಗು ದಿನಕ್ಕೆ ಎರಡು ಸಾರಿ ತಾನೇ ಉಜ್ಜುತ್ತದೆಯೇ ಅಂತ ಒಂದು ತಿಂಗಳು ನೋಡಿ. ಅಭ್ಯಾಸ ಇಲ್ಲದಿದ್ದರೆ ಕ್ಲಿಪ್ ಸ್ವಲ್ಪ ತಡವಾಗಲಿ.

3. ಗಂಡು ನೋಡಲು ಬರುತ್ತಾರೆ ಅಂತ ಅವಸರ ಮಾಡಬೇಡಿ. ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುವ ಕೆಲಸ ಇದು.

4. ಸಾಲದ ಲೆಕ್ಕ ಹಾಕುವಾಗ ಕ್ಲಿಪ್ ಬೆಲೆ ಮಾತ್ರ ಬರೆಯಬೇಡಿ. ಹುಳುಕು ತುಂಬಿಸುವ ಖರ್ಚು, 4ರಿಂದ 6 ವಾರಕ್ಕೊಮ್ಮೆ ಹೋಗಿಬರುವ ಬಸ್ ಚಾರ್ಜು, ಆ ದಿನದ ಕೂಲಿ ಎಲ್ಲವನ್ನೂ ಸೇರಿಸಿ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಹೋಗುವ ತಾಯಂದಿರು ರಜೆಯ ಲೆಕ್ಕವನ್ನೂ ಇಡಬೇಕು. ಅರ್ಧಕ್ಕೆ ನಿಲ್ಲಿಸಿದರೆ ಹಾಕಿದ ದುಡ್ಡೂ ದಂಡ, ಹಲ್ಲೂ ಹಾಳು.

ಎಲ್ಲಿಗೆ ಹೋಗಬೇಕು?

ಹುಳುಕಿನ ಪರೀಕ್ಷೆಗೆ ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಕ್ಲಿಪ್ ಹಾಕುವುದಕ್ಕೆ ಬೇರೆಯಾಗಿ ಓದಿದ ತಜ್ಞರಿರುತ್ತಾರೆ. ನಂಜನಗೂಡಿನ ಮೇಲೆ ಮೈಸೂರಿಗೆ ಹೋದರೆ ಜೆಎಸ್‌ಎಸ್, ಫಾರೂಕಿಯಾ ದಂತ ವೈದ್ಯಕೀಯ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಒಟ್ಟು ಎಷ್ಟಾಗುತ್ತೆ, ಕಂತಿನಲ್ಲಿ ಕಟ್ಟಬಹುದೇ ಅಂತ ಕೇಳಿಯೇ ಸಾಲಕ್ಕೆ ಅರ್ಜಿ ಕೊಡಿ.

ಕ್ಲಿಪ್ ಇರುವಾಗ

ಊಟವಾದ ಮೇಲೆಲ್ಲ ಬಾಯಿ ಚೆನ್ನಾಗಿ ಮುಕ್ಕಳಿಸಬೇಕು. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುಂಚೆ ಮೆತ್ತನೆ ಬ್ರಷ್‌ನಿಂದ ಮೂರು ನಾಲ್ಕು ನಿಮಿಷ ಉಜ್ಜಬೇಕು. ಬಿಲ್ಲೆಯ ಮೇಲ್ಗಡೆ ಒಂದು ಸಾರಿ, ಕೆಳಗಡೆ ಒಂದು ಸಾರಿ, ವಸಡಿನ ಅಂಚಿಗೆ ಒಂದು ಸಾರಿ. ತಂತಿಯ ಅಡಿಗೆ ಹೋಗುವ ಚಿಕ್ಕ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತೆ. ಬೇವಿನ ಕಡ್ಡಿ ತಂತಿಯ ಸಂದಿಗೆ ಹೋಗೋದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನೇ ಸವೆಸುತ್ತವೆ.

ಪೇಸ್ಟ್ ಕೊಳ್ಳುವಾಗ ‘ಫ್ಲೋರೈಡ್’ ಅಂತ ಬರೆದಿದೆಯೇ ನೋಡಿ. ಕರಗುತ್ತಿರುವ ಹೊದಿಕೆಯನ್ನು ಅದು ಮತ್ತೆ ಗಟ್ಟಿ ಮಾಡುತ್ತೆ. ‘ಬೋರ್‌ವೆಲ್ ನೀರಿನ ಫ್ಲೋರೈಡಿನಿಂದಲೇ ಹಲ್ಲು ಕಂದಾಗುತ್ತಲ್ಲ, ಮತ್ತೆ ಪೇಸ್ಟಿನಲ್ಲೂ ಯಾಕೆ?’ ಎಂದು ನೀವು ಕೇಳಬಹುದು. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಕಂದು ಕಲೆ ಬರುತ್ತೆ. ಪೇಸ್ಟನ್ನು ನುಂಗದೆ ಉಗಿಯುತ್ತೇವೆ, ಅದು ಹಲ್ಲಿನ ಮೇಲೆ ಮಾತ್ರ ಕೆಲಸ ಮಾಡುತ್ತೆ. ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು, ತುಂಬಾ ನೀರು ಹಾಕಿ ಮುಕ್ಕಳಿಸಬೇಡಿ. ಬಿಳಿ ಮಚ್ಚೆ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ಫ್ಲೋರೈಡ್ ಲೇಪ ಹಚ್ಚುತ್ತಾರೆ.

ಏನು ತಿನ್ನಬಹುದು?

ಮುದ್ದೆ, ಮೆದು ಅನ್ನ, ಸೊಪ್ಪಿನ ಸಾರು, ಇಡ್ಲಿ, ಮೊಟ್ಟೆ, ಮೊಸರು, ಬಾಳೆಹಣ್ಣು ಧಾರಾಳವಾಗಿ ಕೊಡಿ. ಕಡ್ಲೆಮಿಠಾಯಿ, ಚಾಕೊಲೇಟ್, ನಿಪ್ಪಟ್ಟು, ಹುರಿದ ಜೋಳ, ಮೂಳೆ ಕಡಿಯೋದು ಬೇಡ. ಸಂಕ್ರಾಂತಿಯಲ್ಲಿ ಎಚ್ಚರ. ಕಬ್ಬು ಸಿಗಿದರೆ ಬಿಲ್ಲೆ ಕಿತ್ತುಬರುತ್ತೆ, ಎಳ್ಳು ಬೆಲ್ಲ ಸಂದಿಯಲ್ಲಿ ಕೂರುತ್ತೆ. ಸೀಬೆಕಾಯಿಯನ್ನು ಚಿಕ್ಕದಾಗಿ ಹೆಚ್ಚಿ ಕೊಡಿ. ಇನ್ನೊಂದು ಮಾತು: ಸಿಹಿ ಎಷ್ಟು ತಿಂದೆವು ಅನ್ನೋದಕ್ಕಿಂತ ಎಷ್ಟು ಸಾರಿ ತಿಂದೆವು ಅನ್ನೋದು ಮುಖ್ಯ. ಪ್ರತಿ ಸಾರಿ ಸಿಹಿ ತಿಂದಾಗಲೂ ಅರ್ಧ ಗಂಟೆಯಷ್ಟು ಹೊತ್ತು ಹಲ್ಲಿನ ಮೇಲೆ ಆಮ್ಲದ ಕೆಲಸ ನಡೆಯುತ್ತೆ. ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿಂದು ಮುಗಿಸಲಿ.

ಸಹೋದರಿಯರೇ, ಒಂದು ಬ್ರಷ್, ಒಂದು ಪೇಸ್ಟ್, ದಿನಕ್ಕೆ ಹತ್ತು ನಿಮಿಷ ಇಷ್ಟರಲ್ಲಿ ನಿಮ್ಮ ಸಾಲದ ಹಣ ಉಳಿಯುತ್ತೆ. ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ಕ್ಲಿಪ್‌ಗಾಗಿ ಸಾಲ ಕೇಳಿದವರಿದ್ದರೆ ‘ಹುಳುಕು ತೋರಿಸಿದ್ದೀರಾ?’ ಅಂತ ಮೊದಲು ಕೇಳಿ. ನಿಮ್ಮ ಮಕ್ಕಳ ಹಲ್ಲು ನೇರವಾಗಿಯೂ ಇರಲಿ, ಗಟ್ಟಿಯಾಗಿಯೂ ಇರಲಿ ಎಂದು ಹಾರೈಸುತ್ತೇವೆ.