ಸೇವೆಯ ಸಂತೃಪ್ತಿ

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಒಕ್ಕಲುತನವನ್ನು ನಂಬಿದ ಸೀಮೆ. ಹಾನಗಲ್ಲಿನಲ್ಲಿ ಬತ್ತ, ಹಿರೇಕೆರೂರಿನಲ್ಲಿ ಗೋವಿನಜೋಳ, ಸವಣೂರಿನಲ್ಲಿ ವೀಳ್ಯದೆಲೆ ಎಂದು ಬೆಳೆ ಬೇರೆಯಾದರೂ ಜ್ವರ, ಹೆರಿಗೆ, ಹಾವುಕಡಿತಗಳ ಸಂಕಟ ಎಲ್ಲೆಡೆಯೂ ಒಂದೇ. ಅಂಥ ಸಮಯದಲ್ಲಿ ಬಡವರಿಗೆ ಆಸರೆಯಾಗುವುದು ಸರ್ಕಾರಿ ಆಸ್ಪತ್ರೆ. ಆದುದರಿಂದ ಅಲ್ಲಿ ದುಡಿಯುವವರಿಗೆ ತಮ್ಮ ಕೆಲಸದಲ್ಲಿ ತೃಪ್ತಿಯಿದೆಯೇ ಎಂಬುದು ಅವರ ಸ್ವಂತ ವಿಷಯ ಮಾತ್ರವಲ್ಲ. ರೋಗಿಯ ವಿಷಯವೂ ಹೌದು.

ಹಳ್ಳಿಯ ಬಾಗಿಲಿಗೇ ವೈದ್ಯಸೇವೆ ತಲುಪಬೇಕೆಂದು 1946ರಲ್ಲಿ ಭೋರ್ ಸಮಿತಿಯು ಸೂಚಿಸಿತು. 1952ರಿಂದ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತೆರೆದವು. ಬಯಲು ಪ್ರದೇಶದಲ್ಲಿ 30,000 ಜನರಿಗೆ ಇಂಥದೊಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಒದಗಿಸಿತು.

ಈ ಸೇವೆಯ ಶ್ರಮವನ್ನು ಅರಿಯಲು ಲಸಿಕೆಯ ದಿನವೊಂದನ್ನು ನೋಡಿದರೆ ಸಾಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕಾಪಾಡಬೇಕು. ಆರೋಗ್ಯ ಸಹಾಯಕಿಯು ಹಿಮಗಟ್ಟಿಗಳ ನಡುವೆ ಅದನ್ನಿರಿಸಿಕೊಂಡು ಹಳ್ಳಿಗೆ ಹೋಗುತ್ತಾಳೆ. ವರದಾ ನದಿ ತುಂಬಿದರೂ ಬಿಸಿಲು ಸುಟ್ಟರೂ ಮಗುವಿನ ಸರದಿ ತಪ್ಪಬಾರದು. ಚುಚ್ಚುಮದ್ದಿಗೆ ಅಂಜುವ ತಾಯಿಗೆ ಧೈರ್ಯ ಹೇಳಬೇಕು. ಸಂಜೆ ಲೆಕ್ಕವನ್ನೆಲ್ಲ ದಾಖಲಿಸಬೇಕು.

ಸಂಬಳ ಹೆಚ್ಚಿದರೆ ತೃಪ್ತಿ ತಾನಾಗಿ ಬರುವುದೆಂದು ಹಲವರು ಭಾವಿಸುತ್ತಾರೆ. ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಬೇರೊಂದು ವಿಚಾರವನ್ನು ಮುಂದಿಟ್ಟನು. ಅವನ ಪ್ರಕಾರ ಅತೃಪ್ತಿಯ ಕಾರಣಗಳು ಬೇರೆ, ತೃಪ್ತಿಯ ಕಾರಣಗಳು ಬೇರೆ. ಅಲ್ಪ ವೇತನ, ಅನನುಕೂಲವಾದ ಸ್ಥಳ, ಮೇಲಧಿಕಾರಿಯ ಗದರಿಕೆ ಇವು ಮನಸ್ಸನ್ನು ಕುಗ್ಗಿಸುತ್ತವೆ. ಇವನ್ನು ನೀಗಿಸಿದರೆ ಗೊಣಗಾಟ ನಿಲ್ಲಬಹುದು. ಆದರೆ ಉತ್ಸಾಹ ಹುಟ್ಟಬೇಕಾದರೆ ಕೆಲಸದ ಫಲ ಕಣ್ಣಿಗೆ ಕಾಣಬೇಕು, ಮೆಚ್ಚುಗೆ ದೊರೆಯಬೇಕು, ಹೊಣೆಯೂ ಬೆಳವಣಿಗೆಯೂ ಇರಬೇಕು.

ಅಂಥ ಫಲಕ್ಕೆ ಪೋಲಿಯೊ ನಿರ್ಮೂಲನವೇ ನಿದರ್ಶನ. ಮನೆಮನೆಗೆ ನಡೆದು ಹನಿ ಹಾಕಿದ ಅಸಂಖ್ಯ ಕಾರ್ಯಕರ್ತರ ದುಡಿಮೆಯಿಂದ 2014ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಇಂದು ಓಡಿ ಆಡುವ ಮಕ್ಕಳ ಕಾಲುಗಳೇ ಅವರಿಗೆ ಸಂದ ಬಹುಮಾನ.

ಹಾಗೆಂದು ಸೇವೆಯ ಹೆಸರಿನಲ್ಲಿ ನ್ಯಾಯವಾದ ಬೇಡಿಕೆಯನ್ನು ಮರೆಸುವುದು ಸಲ್ಲದು. ಆಶಾ ಕಾರ್ಯಕರ್ತೆಗೆ ದೊರೆಯುವುದು ಗೌರವಧನ ಮತ್ತು ಪ್ರೋತ್ಸಾಹಧನವೇ ಹೊರತು ನಿಯತ ವೇತನವಲ್ಲ. ಔಷಧಿಯಿಲ್ಲದ ಕಪಾಟಿನ ಮುಂದೆ ನಿಂತ ವೈದ್ಯನು ಎಷ್ಟೇ ಕರುಣಾಳುವಾದರೂ ರೋಗಿಯ ದೃಷ್ಟಿಯಲ್ಲಿ ತಪ್ಪಿತಸ್ಥನಾಗುತ್ತಾನೆ. ತಕ್ಕ ವೇತನ, ವಾಸಕ್ಕೆ ಮನೆ, ಸಾಕಷ್ಟು ಔಷಧಿ, ಸುರಕ್ಷತೆ ಇವನ್ನು ಒದಗಿಸುವುದು ಸರ್ಕಾರದ ಹೊಣೆ. ಸರದಿಯಲ್ಲಿ ತಾಳ್ಮೆಯಿಂದ ನಿಲ್ಲುವುದು, ಗುಣಮುಖರಾಗಿ ಹೊರಡುವಾಗ ಒಂದು ಒಳ್ಳೆಯ ಮಾತನಾಡುವುದು ಜನರ ಹೊಣೆ. ಎರಡೂ ಕೂಡಿದಲ್ಲಿ ದುಡಿಯುವವರ ಮುಖದಲ್ಲಿ ನಗೆ ಮೂಡುತ್ತದೆ. ಆ ನಗೆಯಿಂದಲೇ ರೋಗಿಯ ಅರ್ಧ ನೋವು ಇಳಿಯುತ್ತದೆ.