ಕೊನೆಯ ಹತ್ತು ಕಿಲೋಮೀಟರ್

ಕಳೆದ ಮಳೆಗಾಲದ ಮಾತು. ಅಪ್ಪಯ್ಯನ ಬಿಪಿ ಮಾತ್ರೆ ಇನ್ನು ನಾಲ್ಕು ದಿನಕ್ಕಾಗುವಷ್ಟೇ ಇತ್ತು. ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಎರಡೇ ದಿನಕ್ಕೆ ಮಾತ್ರೆ ಶೃಂಗೇರಿಗೆ ಬಂತು. ಅಲ್ಲಿಂದ ನಮ್ಮ ಕಿಗ್ಗಕ್ಕೆ ಸುಮಾರು 10 ಕಿ.ಮೀ. ಅದನ್ನು ಮಾತ್ರ ದಾಟಲಿಲ್ಲ.

"ಕಿಗ್ಗಕ್ಕೆ ಗಾಡಿ ಬರಲ್ಲ ಸರ್, ಇಲ್ಲೇ ಬಂದು ತಗೊಂಡು ಹೋಗಿ" ಅಂತ ಅಪ್ಪಯ್ಯನಿಗೆ ಫೋನ್ ಬಂತು. ಸುರಿಯೋ ಮಳೆಯಲ್ಲಿ ಆಟೋ ಮಾಡ್ಕೊಂಡು ಹೋಗಿ ತಂದರು. ರಾತ್ರಿ ಫೋನಲ್ಲಿ ನಕ್ಕರು: "ಮಾತ್ರೆಗಿಂತ ಆಟೋ ಬಾಡಿಗೆನೇ ಜಾಸ್ತಿ ಆಯ್ತು ಮಾರಾಯ್ತಿ."

ನನಗೆ ನಗು ಬರಲಿಲ್ಲ. ಯಾಕಂದ್ರೆ ನಾನು ಮಾಡೋ ಕೆಲಸವೇ ಅದು. ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಯಾವ ವ್ಯಾನು ಯಾವ ದಾರಿ ಹಿಡಿಯಬೇಕು ಅಂತ ಲೆಕ್ಕ ಹಾಕುವುದು. ಆರ್ಡರ್ ಕಡಿಮೆ, ದಾರಿ ದೂರ ಇರುವ ಊರಿನ ಮುಂದೆ 'ಸೇವೆ ಇಲ್ಲ' ಅಂತ ಹಾಕುವವರಲ್ಲಿ ನಾನೂ ಒಬ್ಬಳು. ಅವತ್ತು ಮೊದಲ ಸಲ, ಆ ಸಾಲಿನ ಆಚೆ ಕಡೆ ನಮ್ಮ ಮನೆ ಕಂಡಿತು.

ಈ ಲೆಕ್ಕ ಹಳೆಯದು. 1959ರಲ್ಲಿ ಜಾರ್ಜ್ ಡಾಂಟ್ಜಿಗ್ ಮತ್ತು ಜಾನ್ ರಾಮ್ಸರ್, ಒಂದು ಡಿಪೋದಿಂದ ಹಲವು ಬಂಕ್‌ಗಳಿಗೆ ಪೆಟ್ರೋಲ್ ಲಾರಿ ಕಳಿಸುವ ಬಗೆ ಬರೆದರು. ಕೇಳಲು ಸುಲಭ. ಆದರೆ ಬರೀ ಹತ್ತು ಮನೆಗೆ ಹೋಗಬೇಕೆಂದರೂ, ಯಾವುದು ಮೊದಲು ಯಾವುದು ಆಮೇಲೆ ಎಂಬುದಕ್ಕೆ 36,28,800 ಕ್ರಮಗಳಿವೆ! ಡಿಪೋ ಎಲ್ಲಿರಬೇಕು ಅನ್ನೋದೂ ಇದಕ್ಕೇ ಅಂಟಿಕೊಂಡ ಪ್ರಶ್ನೆ. ಬಾಡಿಗೆ ಅಗ್ಗ ಅಂತ ಊರಾಚೆ ಗೋಡೌನ್ ಮಾಡಿದರೆ, ಉಳಿಸಿದ ದುಡ್ಡು ಡೀಸೆಲ್‌ಗೆ ಹೋಗುತ್ತೆ. ಹೊಗೆ ಬೇರೆ.

ಇದಕ್ಕೆ ಒಂದು ಉತ್ತರ, ಪೈಪೋಟಿ ಮಾಡುವ ಕಂಪನಿಗಳು ಡಿಪೋವನ್ನಾದರೂ ಹಂಚಿಕೊಳ್ಳುವುದು. ಮೂರು ಕಂಪನಿಗಳ ಮೂರು ವ್ಯಾನು ಶೃಂಗೇರಿಯಿಂದ ಕಿಗ್ಗಕ್ಕೆ ಎರಡೆರಡು ಪೊಟ್ಟಣ ಹೊತ್ತು ಬರುತ್ತವೆ ಅಂದುಕೊಳ್ಳಿ. ಹೋಗಿ ಬಂದು ಒಟ್ಟು 60 ಕಿ.ಮೀ. ಆರೂ ಪೊಟ್ಟಣ ಒಂದೇ ಗಾಡಿಯಲ್ಲಿ ಬಂದರೆ 20. ಇಷ್ಟು ಚಿಕ್ಕ ಓಡಾಟಕ್ಕೆ ಎಲೆಕ್ಟ್ರಿಕ್ ಗಾಡಿಯೂ ಸಾಕು.

ಹಾಗಾದರೆ ಯಾಕೆ ಯಾರೂ ಸೇರುವುದಿಲ್ಲ? ಮೊದಲನೆಯದು ಅಪನಂಬಿಕೆ: ನನ್ನ ಗಿರಾಕಿ ಯಾರು ಅಂತ ನಿನಗ್ಯಾಕೆ ಗೊತ್ತಾಗಬೇಕು? ಎರಡನೆಯದು ಖರ್ಚು ಹಂಚುವ ಜಗಳ. ಇದಕ್ಕೆ ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞ 1953ರಲ್ಲೇ ದಾರಿ ತೋರಿಸಿದ್ದರು. ಒಬ್ಬನ ಗಿರಾಕಿ 5 ಕಿ.ಮೀ.ನಲ್ಲಿ, ಇನ್ನೊಬ್ಬನದು ಕಿಗ್ಗದಲ್ಲಿ ಇದ್ದರೆ, ಮೊದಲರ್ಧ ದಾರಿಯ ಖರ್ಚು ಇಬ್ಬರಿಗೂ ಸಮ, ಉಳಿದರ್ಧ ಕಿಗ್ಗದವನದ್ದು. ಒಟ್ಟು 20 ಕಿ.ಮೀ.ನಲ್ಲಿ ಒಬ್ಬನಿಗೆ 5, ಇನ್ನೊಬ್ಬನಿಗೆ 15. ಬೇರೆ ಬೇರೆ ಹೋಗಿದ್ದರೆ 10 ಮತ್ತು 20 ಆಗುತ್ತಿತ್ತು. ಇಬ್ಬರಿಗೂ ಲಾಭವೇ.

ನಮ್ಮ ಕಡೆಯವರಿಗೆ ಒಟ್ಟಾಗಿ ಗಾಡಿ ಓಡಿಸೋದು ಹೊಸದಲ್ಲ. ಖಾಸಗಿ ಬಸ್ ಸಂಸ್ಥೆಯೊಂದು ಮುಚ್ಚಿದಾಗ, 1991ರಲ್ಲಿ ಅದರ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ 'ಸಹಕಾರ ಸಾರಿಗೆ' ಕಟ್ಟಿದರು. ಡ್ರೈವರು, ಕಂಡಕ್ಟರೇ ಮಾಲೀಕರು. ನಾನು ಶಾಲೆಗೆ ಹೋಗುವಾಗ ಬಸ್ಸು ಅಂದ್ರೆ ಜನ ಮಾತ್ರ ಅಲ್ಲ. ಔಷಧಿ, ಮಿಕ್ಸಿ ಜಾರು, ಮದುವೆ ಕಾಗದ, ಎಲ್ಲ ಅದರಲ್ಲೇ. "ಬಸ್ಸಿಗೆ ಕೊಟ್ಟು ಕಳ್ಸಿದೀನಿ" ಅಂದರೆ ತಲುಪಿದ ಹಾಗೆಯೇ. ಹೇಗೂ ಹೋಗುವ ಗಾಡಿಯಲ್ಲಿ ಒಂದು ಪೊಟ್ಟಣ ಹೆಚ್ಚಾದರೆ ಡೀಸೆಲ್ ಎಷ್ಟು ಹೆಚ್ಚು ಬೇಕು? ನಷ್ಟದ ಹೊರೆಯಿಂದ ಆ ಬಸ್ಸುಗಳು 2020ರ ಫೆಬ್ರುವರಿಯಲ್ಲಿ ನಿಂತವು. ಸಹಕಾರ ಅಂದ ಮಾತ್ರಕ್ಕೆ ಲೆಕ್ಕ ತಾನಾಗಿ ಸರಿಹೋಗಲ್ಲ ಅನ್ನೋದನ್ನೂ ಅದು ಕಲಿಸಿತು. ಮರುವರ್ಷ ಕೆಎಸ್‌ಆರ್‌ಟಿಸಿ 'ನಮ್ಮ ಕಾರ್ಗೋ' ಶುರು ಮಾಡಿ, ಪ್ರಯಾಣಿಕರ ಬಸ್ಸಿನಲ್ಲೇ ಸರಕು ಸಾಗಿಸತೊಡಗಿತು. ಹಳೆಯ ಬುದ್ಧಿಗೆ ಹೊಸ ಹೆಸರು!

ದೀಪಾವಳಿಗೆ ಊರಿಗೆ ಹೋದಾಗ ನಾನೊಂದು ಸಣ್ಣ ಪ್ರಯೋಗ ಮಾಡಿದೆ. ಪರಿಚಯದ ಅಂಗಡಿಯವರು ವಾರಕ್ಕೆ ಮೂರು ದಿನ ಸಾಮಾನು ತರೋಕೆ ಶೃಂಗೇರಿಗೆ ಹೋಗ್ತಾರೆ. ಏಳು ಮನೆಯವರು ಮಾತಾಡಿಕೊಂಡು, ಬಂದ ಪಾರ್ಸೆಲ್ ಅವರ ಗಾಡಿಯಲ್ಲೇ ಬರುವಂತೆ ಮಾಡಿದೆವು. ಪೊಟ್ಟಣಕ್ಕೆ ಹತ್ತು ರೂಪಾಯಿ. "ಹೇಗೂ ಬರೋ ಗಾಡಿ, ದುಡ್ಡು ಎಂತಕ್ಕೆ?" ಅಂದರು. ಒತ್ತಾಯ ಮಾಡಿ ಒಪ್ಪಿಸಿದೆ. ಪುಕ್ಕಟೆ ಸೇವೆ ಬಹಳ ದಿನ ಬಾಳಲ್ಲ.

ಇದು ದೊಡ್ಡ ಪರಿಹಾರವೇನಲ್ಲ. ತುರ್ತು ಔಷಧಿಗೆ ಮೂರು ದಿನ ಕಾಯೋಕಾಗಲ್ಲ. ಆದರೆ ಆಫೀಸಿಗೆ ಮರಳಿದ ಮೇಲೆ ನಾನು ಒಂದು ಅಭ್ಯಾಸ ಬದಲಿಸಿದೆ. 'ಸೇವೆ ಇಲ್ಲ' ಅಂತ ಹಾಕುವ ಮುಂಚೆ, ಆ ಊರಿಗೆ ಹೇಗೂ ಹೋಗುವ ಗಾಡಿ ಯಾವುದು ಅಂತ ಹುಡುಕ್ತೀನಿ. ಬಸ್ಸು, ಹಾಲಿನ ವ್ಯಾನು, ಯಾವುದಾದರೂ ಒಂದು ಇದ್ದೇ ಇರುತ್ತೆ.

ಕಿಗ್ಗದ ಋಷ್ಯಶೃಂಗೇಶ್ವರ ಮಳೆ ಕೊಡುವ ದೇವರು. ಈ ಸಲವೂ ಮಳೆ ಜೋರಾಗಿಯೇ ಹಿಡಿಯಿತು. ಅಪ್ಪಯ್ಯ ಫೋನ್ ಮಾಡಿದ್ದರು: "ಮಾತ್ರೆ ಬಂತು. ಅಂಗಡಿವರೆಗೆ ಕೊಡೆ ಹಿಡ್ಕೊಂಡು ನಡ್ಕೊಂಡೇ ಹೋಗಿ ತಂದೆ."