ನಿಮಗಿದು ಗೊತ್ತೇ? ‘ಆರ್’ ಇಲ್ಲದ ಕರ್ನಲ್

★ ಕರ್ನಲ್ ಎಂಬ ಸೇನಾಪದವಿಯ ಇಂಗ್ಲಿಷ್ ಸ್ಪೆಲಿಂಗ್ ಬರೆದು ನೋಡಿ: ಸಿ, ಓ, ಎಲ್, ಓ, ಎನ್, ಇ, ಎಲ್. ಏಳು ಅಕ್ಷರಗಳಲ್ಲಿ ಎಷ್ಟು ಹುಡುಕಿದರೂ ‘ಆರ್’ ಸಿಗದು. ಬಾಯಲ್ಲಿ ಬರುವುದು ಮಾತ್ರ ‘ಕರ್ನಲ್’, ಎರಡೇ ಉಚ್ಚಾರಾಂಶ. ಕಾಳಿನ ತಿರುಳಿಗೆ ಹೇಳುವ ‘ಕರ್ನೆಲ್’ ಕೂಡ ಇಂಗ್ಲಿಷರ ಬಾಯಲ್ಲಿ ಹೀಗೇ ಕೇಳಿಸುತ್ತದೆ. ಎರಡರ ಹುಟ್ಟಿಗೆ ಸಂಬಂಧವೇ ಇಲ್ಲ.

★ ಪದದ ತವರು ಇಟಲಿ. ಅಲ್ಲಿ ಕಂಬಕ್ಕೆ ‘ಕೊಲೊನ್ನ’ ಎನ್ನುತ್ತಾರೆ. ಕಂಬದಂತೆ ನೀಳವಾಗಿ ಸಾಲುಗಟ್ಟಿದ ಸೈನಿಕರ ಪಡೆಗೂ ಅದೇ ಹೆಸರು, ಅದರ ನಾಯಕ ‘ಕೊಲೊನೆಲ್ಲೊ’. ನೀವು ಓದುತ್ತಿರುವ ಈ ‘ಕಾಲಂ’ ಕೂಡ ಅದೇ ಮನೆತನದ್ದು. ಲ್ಯಾಟಿನ್ನಿನ ‘ಕೊಲುಮ್ನ’ ಇಬ್ಬರಿಗೂ ಮೂಲ.

★ ಹಾಗಾದರೆ ‘ರ’ ಬಂದದ್ದೆಲ್ಲಿಂದ? ಫ್ರೆಂಚರಿಂದ. ಒಂದೇ ಪದದಲ್ಲಿ ಎರಡು ‘ಲ’ಕಾರ ಬಂದಾಗ ನಾಲಿಗೆ ಒಂದನ್ನು ‘ರ’ ಮಾಡಿಕೊಂಡಿತು: ‘ಕೊರೊನೆಲ್’. 16ನೇ ಶತಮಾನದಲ್ಲಿ ಇಂಗ್ಲಿಷರು ಈ ರೂಪವನ್ನೇ ಪಡೆದರು. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಲ್ಯಾಟಿನ್ನಿನ ‘ಪುರ್ಪುರ’ ಇಂಗ್ಲಿಷಿನಲ್ಲಿ ‘ಪರ್ಪಲ್’ ಆಯಿತು, ಫ್ರೆಂಚಿನ ‘ಮಾರ್ಬ್ರ್’ ‘ಮಾರ್ಬಲ್’ ಆಯಿತು. ಅಲ್ಲಿ ಎರಡು ‘ರ’ಗಳಲ್ಲಿ ಒಂದು ‘ಲ’ಕಾರಕ್ಕೆ ಜಾಗ ಬಿಟ್ಟುಕೊಟ್ಟಿತು.

★ ಅದೇ ಶತಮಾನದ ಕೊನೆಯ ಹೊತ್ತಿಗೆ ಇಟಲಿಯ ಯುದ್ಧಗ್ರಂಥಗಳು ಇಂಗ್ಲಿಷಿಗೆ ಬಂದವು. ಅವುಗಳೊಂದಿಗೆ ಮೂಲದ ‘ಎಲ್’ ಕೂಡ ಬಂತು. ಎರಡು ರೂಪಗಳೂ ಬಹುಕಾಲ ಜೊತೆಜೊತೆಗೇ ನಡೆದವು. ಕೊನೆಗೆ ಬರಹದಲ್ಲಿ ‘ಎಲ್’ ಗೆದ್ದಿತು, ಮಾತಿನಲ್ಲಿ ‘ಆರ್’. ಇಂಗ್ಲಿಷ್ ಕಾಗುಣಿತದಲ್ಲಿ ಇಷ್ಟು ಸ್ವಾರಸ್ಯದ ರಾಜಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

★ ಉಚ್ಚಾರಾಂಶಗಳು ಮೊದಲು ಮೂರಿದ್ದವು. 1642ರಲ್ಲಿ ಮಿಲ್ಟನ್ ಬರೆದ ಸಾನೆಟ್ಟೊಂದರ ಮೊದಲ ಸಾಲಿನಲ್ಲೇ ಈ ಪದವಿದೆ. ಮೂರಾಗಿ ಬಿಡಿಸಿ ಓದದಿದ್ದರೆ ಛಂದಸ್ಸು ಕೆಡುತ್ತದೆ. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೊಟ್ಟದ್ದು ಎರಡೇ.

★ ಫ್ರೆಂಚರು ಆಮೇಲೆ ‘ಲ’ಕಾರಕ್ಕೇ ಮರಳಿದರು. ಸ್ಪ್ಯಾನಿಷ್, ಪೋರ್ಚುಗೀಸ್ ಜನ ಇವತ್ತಿಗೂ ‘ಕೊರೊನೆಲ್’ ಎಂದೇ ಬರೆಯುತ್ತಾರೆ, ಬರೆದಂತೆಯೇ ಓದುತ್ತಾರೆ.

★ ಇಂಥದೇ ಇನ್ನೊಂದು ಸೇನಾಪದವಿ ‘ಲೆಫ್ಟಿನೆಂಟ್’. ಅದರ ಸ್ಪೆಲಿಂಗಿನಲ್ಲಿ ‘ಎಫ್’ ಇಲ್ಲ! ಅಮೆರಿಕನ್ನರು ‘ಲೂಟೆನೆಂಟ್’ ಎನ್ನುತ್ತಾರೆ.

★ ಲಂಡನ್ನಿನ ಶಿಷ್ಟ ಉಚ್ಚಾರದಲ್ಲಿ ಕರ್ನಲ್‌ನ ‘ರ’ವೂ ಕರಗಿ, ಮೊದಲ ಸ್ವರವಷ್ಟೇ ಉದ್ದವಾಗುತ್ತದೆ. ಅಮೆರಿಕನ್ನರು ‘ರ’ವನ್ನು ಪೂರ್ತಿಯಾಗಿ ನುಡಿಯುತ್ತಾರೆ, ನಾವೂ ಅಷ್ಟೇ. ಊರೂರ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕರ್ನಲ್ ಮೆಕೆಂಜಿಯ ಹೆಸರನ್ನು ಕನ್ನಡದಲ್ಲಿ ಅರ್ಕಾವತ್ತು ಹಾಕಿಯೇ ಬರೆಯುತ್ತೇವೆ.